ನಾಟಕಕ್ಕೆ ಒಬ್ಬರು ಓದುಗರು ಬೇಕಾಗಿದ್ದಾರೆ

ಹೋದ ವರ್ಷದ ರಾಜ್ಯೋತ್ಸವಕ್ಕೆ ನಮ್ಮ ಸಂಘ ಆಡಿದ ನಾಟಕ ನೀವು ನೋಡಿದ್ದರೆ, ಮೊದಲು ನಿಮ್ಮ ಕ್ಷಮೆ ಕೇಳುತ್ತೇವೆ. ನೋಡಿಲ್ಲದಿದ್ದರೆ ನೀವು ಪುಣ್ಯವಂತರು. ನಾಟಕದ ಹೆಸರು ಇಲ್ಲಿ ಹೇಳುವುದಿಲ್ಲ. ಬರೆದವರು ದೊಡ್ಡವರು, ನಮ್ಮ ತಪ್ಪಿಗೆ ಅವರ ಹೆಸರು ಯಾಕೆ ಕೆಡಬೇಕು?

ಆಗಿದ್ದು ಇಷ್ಟು. ಎರಡು ಗಂಟೆಯ ನಾಟಕ, ನಮಗೆ ಸಿಕ್ಕ ಸಮಯ ನಲವತ್ತು ನಿಮಿಷ. ಇಂಟರ್ನಲ್ಸ್ ಮುಗಿದ ಸಂಜೆ ಹಾಸ್ಟೆಲ್ ರೂಮಿನಲ್ಲಿ ಕೂತು ಪಿಡಿಎಫ್ ತೆರೆದ್ವಿ. ಯಾವ ಪುಟದಲ್ಲಿ ಮಾತು ಉದ್ದ ಇದೆಯೋ ಆ ಪುಟ ತೆಗೆದ್ವಿ. ಯಾವ ಪಾತ್ರಕ್ಕೆ ಹುಡುಗರು ಸಿಗಲಿಲ್ಲವೋ ಆ ಪಾತ್ರ ತೆಗೆದ್ವಿ. ಒಂದೂವರೆ ಗಂಟೆಯಲ್ಲಿ ಕೆಲಸ ಮುಗೀತು. ಉಳಿದ ಮೂರು ವಾರ ಲೈಟು, ಬಾಡಿಗೆ ವೇಷ, ಕಾಲರ್ ಮೈಕು ಅಂತ ಓಡಾಡಿದ್ವಿ. ನಾಟಕದ ದಿನ ಎಲ್ಲ ಸರಿಯಾಗೇ ನಡೆಯಿತು. ಕೊನೆಯಲ್ಲಿ ನಾಯಕ ಸಾಯುವ ದೃಶ್ಯ. ಮಂದ ನೀಲಿ ಬೆಳಕು, ಹಿಂದೆ ಕೊಳಲು. ಅವನು ನೆಲಕ್ಕೆ ಬಿದ್ದ. ಸಭಾಂಗಣದ ತುಂಬ ನಗು.

ತಾಂತ್ರಿಕ ದೋಷ ಒಂದೂ ಇರಲಿಲ್ಲ. ನಟನೂ ಚೆನ್ನಾಗಿಯೇ ಸತ್ತ. ಮತ್ತೆ ಯಾಕೆ ನಕ್ಕರು? ರಾತ್ರಿ ಮೆಸ್ಸಿನಲ್ಲಿ ತಲೆ ಕೆಡಿಸಿಕೊಂಡು ಕೂತಾಗ ಎರಡನೇ ವರ್ಷದ ಒಬ್ಬ ಗೆಳೆಯ, ಇಂಡಿ ಕಡೆಯವನು, ತಟ್ಟೆಯಿಂದ ತಲೆ ಎತ್ತದೇ ಹೇಳಿದ: "ಸಾಯೂ ಸೀನ್ ಇಟ್ಕೊಂಡ್ರಿ, ಸಾಯೂ ಕಾರಣ ತೆಗದ್ರಿ. ಮಂದಿ ನಗಲಾರದ ಏನ್ ಮಾಡ್ಬೇಕ್ರಿ ಅಣ್ಣಾ?"

ಹೌದಲ್ಲ! ನಾವು ತೆಗೆದು ಹಾಕಿದ ಎರಡನೇ ಅಂಕದಲ್ಲೇ ಆ ಸಾವಿನ ಬೀಜ ಇತ್ತು. ಪ್ರೋಗ್ರಾಮಿನಲ್ಲಿ ಒಂದು ಫಂಕ್ಷನ್ ಅಳಿಸುವ ಮೊದಲು ಅದನ್ನು ಎಲ್ಲೆಲ್ಲಿ ಕರೆಯಲಾಗಿದೆ ಅಂತ ಹುಡುಕುವ ನಾವು, ನಾಟಕದಲ್ಲಿ ಅಷ್ಟೂ ಮಾಡಲಿಲ್ಲ. ನಮ್ಮ ತಂಡದಲ್ಲಿ ನಟರಿದ್ದರು, ನಿರ್ದೇಶಕರಿದ್ದರು, ಬೆಳಕಿನವರಿದ್ದರು, ಪೋಸ್ಟರ್ ಮಾಡುವವರೂ ಇದ್ದರು. ನಾಟಕವನ್ನು ಕೂತು ಓದಿದವರು ಒಬ್ಬರೂ ಇರಲಿಲ್ಲ.

ಈ ಓದುವ ಕೆಲಸಕ್ಕೆ ರಂಗಭೂಮಿಯಲ್ಲಿ ಒಂದು ಹೆಸರಿದೆ: ಡ್ರಾಮಟರ್ಗ್. ನಾಟಕ ಬರೆಯುವವರೂ ಅಲ್ಲ, ನಿರ್ದೇಶಕರೂ ಅಲ್ಲ. ನಾಟಕದ ಒಳಗಿನ ಕಟ್ಟಡ ಹೇಗಿದೆ, ಯಾವ ಕಂಬ ತೆಗೆದರೆ ಯಾವ ಗೋಡೆ ಬೀಳುತ್ತದೆ, ಈ ನಾಟಕ ಈ ಊರಿನ ಜನಕ್ಕೆ ಇವತ್ತು ಯಾಕೆ ಬೇಕು ಅಂತ ನೋಡುವವರು. ಜರ್ಮನಿಯ ಹ್ಯಾಂಬರ್ಗಿನಲ್ಲಿ 1767ರಲ್ಲಿ ಒಂದು ರಾಷ್ಟ್ರೀಯ ರಂಗಮಂದಿರ ಶುರುವಾದಾಗ ಲೆಸ್ಸಿಂಗ್ ಎಂಬ ಬರಹಗಾರನನ್ನು ಇಂಥ ಕೆಲಸಕ್ಕೆ ಕರೆತಂದರು. ಅಲ್ಲಿ ಆಡಿದ ನಾಟಕಗಳ ಬಗ್ಗೆ ಅವನು ಬಿಡದೆ ಬರೆದ. ಆ ರಂಗಮಂದಿರ ಎರಡು ವರ್ಷ ಬಾಳಲಿಲ್ಲ, ಅವನ ಬರಹ ಮಾತ್ರ ಇವತ್ತಿಗೂ ಉಳಿದಿದೆ. ಜರ್ಮನಿಯ ದೊಡ್ಡ ರಂಗಮಂದಿರಗಳಲ್ಲಿ ಡ್ರಾಮಟರ್ಗ್ ಇವತ್ತಿಗೂ ಸಂಬಳದ ಹುದ್ದೆ.

ನಮ್ಮಲ್ಲಿ? ಇಲ್ಲಿ ಆ ಹುದ್ದೆ ಇರಲಿಲ್ಲ. ಆದರೆ ಕೆಲಸ ನಡೆದಿತ್ತು. ಅದೂ ನಮ್ಮ ಗೆಳೆಯನ ಇಂಡಿ ತಾಲೂಕಿನಿಂದಲೇ ಹೊರಟಿತ್ತು ಅನ್ನೋದು ನಮಗೆ ಆಮೇಲೆ, ನಾಚಿಕೆಯಿಂದ ಹುಡುಕಲು ಹೊರಟಾಗ ಗೊತ್ತಾಯಿತು.

ಭೀಮಾ ತೀರದ ಅಗರಖೇಡ ಅಂತ ಒಂದು ಊರು. ಅಲ್ಲಿ 1904ರಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಲಂಡನ್ನಿಗೂ ಹೋಗಿ ಬಂದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾದರು. 'ಶ್ರೀರಂಗ' ಅಂದರೆ ಇವರೇ. ನಲವತ್ತಕ್ಕೂ ಹೆಚ್ಚು ದೊಡ್ಡ ನಾಟಕ, ಅರವತ್ತಕ್ಕೂ ಹೆಚ್ಚು ಏಕಾಂಕ ನಾಟಕ ಬರೆದವರು. 1956ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 1972ರಲ್ಲಿ ಪದ್ಮಭೂಷಣ ಬಂತು, 1984ರಲ್ಲಿ ತೀರಿಕೊಂಡರು. ಕೆಪಿಎಸ್‌ಸಿ ಪರೀಕ್ಷೆಗೆ ಓದುವವರಿಗೆ ಇಷ್ಟು ಸಾಕು. ನಮಗೆ ಬೇಕಾದದ್ದು ಇದರ ಹಿಂದಿನ ಸಂಗತಿ.

ಶ್ರೀರಂಗರು ಬರೆಯಲು ಶುರುಮಾಡಿದ ಕಾಲಕ್ಕೆ ಉತ್ತರ ಕರ್ನಾಟಕದಲ್ಲಿ ನಾಟಕ ಅಂದ್ರೆ ಕಂಪನಿ ನಾಟಕ. ಹಾಡಿನ ಮೇಲೆ ಹಾಡು, ಒನ್ಸ್ ಮೋರ್, ಅರಮನೆಯ ಪರದೆ, ಜಗಮಗ ವೇಷ. ಅದರ ರುಚಿಯೇ ಬೇರೆ, ಅದನ್ನು ಹಗುರವಾಗಿ ಕಾಣುವ ಯೋಗ್ಯತೆ ನಮಗಿಲ್ಲ. ಆದರೆ ಶ್ರೀರಂಗರಿಗೆ ಬೇಕಾದದ್ದು ಬೇರೆ ಇತ್ತು: ನೋಡುವವನು ಮನೆಗೆ ಹೋಗುವಾಗ ತಲೆಯಲ್ಲಿ ಒಂದು ಪ್ರಶ್ನೆ ಹೊತ್ತುಕೊಂಡು ಹೋಗಬೇಕು. 'ಹರಿಜನ್ವಾರ'ದಲ್ಲಿ ತಮ್ಮದೇ ಸಮಾಜದ ಮಡಿ ಮೈಲಿಗೆಯನ್ನು ತರಾಟೆಗೆ ತೆಗೆದುಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಬಾವುಟದ ಅಶೋಕಚಕ್ರವನ್ನು ನೋಡಿ 'ಶೋಕಚಕ್ರ' ಅಂತ ನಾಟಕಕ್ಕೆ ಹೆಸರಿಟ್ಟರು. ಒಂದು ಅಕ್ಷರ ಕಿತ್ತರೆ ದೇಶದ ಕಥೆ ಹೇಗೆ ಬದಲಾಗುತ್ತದೆ ನೋಡಿ. 'ಕೇಳು ಜನಮೇಜಯ' ಬರೆದಾಗ, ರಾಜನಿಗೆ ಕಥೆ ಹೇಳುವ ಮಹಾಭಾರತದ ಹಳೆಯ ಕರೆಯನ್ನು ಎತ್ತಿಕೊಂಡು ಪ್ರಜಾಪ್ರಭುತ್ವದ ಪ್ರಜೆಯ ಕಡೆ ತಿರುಗಿಸಿದರು. ಆ ನಾಟಕ ಹಿಂದಿಗೂ ಹೋಯಿತು.

ನಾಟಕಕಾರ ಶ್ರೀರಂಗರ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾವು ಹೇಳಬೇಕೆಂದಿರುವುದು ಓದುಗ ಶ್ರೀರಂಗರ ಬಗ್ಗೆ. ಅವರಿಗೆ 1971ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಯಾವ ಪುಸ್ತಕಕ್ಕೆ? ಇಷ್ಟೊಂದು ನಾಟಕ ಬರೆದವರಿಗೆ ನಾಟಕಕ್ಕೇ ಬಂದಿರಬೇಕು ಅಂದುಕೊಂಡಿದ್ವಿ. ಅಲ್ಲ, 'ಕಾಳಿದಾಸ' ಎಂಬ ವಿಮರ್ಶೆಗೆ. ಅಂದರೆ ಬೇರೊಬ್ಬ ನಾಟಕಕಾರನನ್ನು ಕೂತು ಓದಿದ್ದಕ್ಕೆ. ಸಂಸ್ಕೃತ ನಾಟಕದ ಬಗ್ಗೆ, ಭಾರತೀಯ ರಂಗಭೂಮಿಯ ಬಗ್ಗೆ ಇಂಗ್ಲಿಷಿನಲ್ಲೂ ಬರೆದರು. ಭರತನ ನಾಟ್ಯಶಾಸ್ತ್ರವನ್ನು ಟಿಪ್ಪಣಿ ಸಮೇತ ಇಂಗ್ಲಿಷಿಗೆ ಅನುವಾದಿಸಿದರು. ಬೆಳಗ್ಗೆ ಕ್ಲಾಸಿನಲ್ಲಿ ಎರಡು ಸಾವಿರ ವರ್ಷದ ಹಳೆಯ ನಾಟಕ, ಸಂಜೆ ಕೈಯಲ್ಲಿ ನಿನ್ನೆಯ ಪೇಪರಿನಷ್ಟು ಹೊಸ ನಾಟಕ. ಒಂದು ಇನ್ನೊಂದನ್ನು ಸಾಕುತ್ತಿತ್ತು ಅಂತ ನಮಗನ್ನಿಸುತ್ತದೆ.

ನಾಟ್ಯಶಾಸ್ತ್ರ ಅಂದಕೂಡಲೇ ಇದು ನಮ್ಮದಲ್ಲಪ್ಪಾ ಅಂತ ಪುಟ ತಿರುಗಿಸಬೇಡಿ. ಅದರ ಎರಡನೇ ಅಧ್ಯಾಯ ಸಿವಿಲ್ ವಿಭಾಗದವರಿಗೇ ಬರೆದ ಹಾಗಿದೆ. ನಾಟಕಶಾಲೆ ಮೂರು ಆಕಾರದ್ದು: ಆಯತ, ಚೌಕ, ತ್ರಿಕೋನ. ಅಳತೆ ಹಸ್ತದ ಲೆಕ್ಕದಲ್ಲಿ. ಹಸ್ತ ಅಂದರೆ ಮೊಳಕೈಯಿಂದ ಬೆರಳ ತುದಿಯವರೆಗೆ, ಸುಮಾರು ಒಂದೂವರೆ ಅಡಿ. ಮನುಷ್ಯರ ನಾಟಕಕ್ಕೆ 64 ಹಸ್ತ ಉದ್ದ, 32 ಹಸ್ತ ಅಗಲ ಸಾಕು ಅನ್ನುತ್ತಾನೆ ಭರತ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 96 ಅಡಿ, 48 ಅಡಿ. ಯಾಕೆ ಅಷ್ಟೇ? ಅದಕ್ಕಿಂತ ದೊಡ್ಡದಾದರೆ ಮಾತು ಸರಿಯಾಗಿ ಕೇಳುವುದಿಲ್ಲ, ಮುಖದ ಭಾವ ಕಾಣುವುದಿಲ್ಲ. ಸ್ಪೀಕರ್ ಇಲ್ಲದ ಕಾಲದ ಅಕೌಸ್ಟಿಕ್ಸ್ ಅದು. ನಾವು ಕಾಲರ್ ಮೈಕಿಗೆ ಸುರಿದ ದುಡ್ಡು ನೆನಪಾಗಿ ಹೊಟ್ಟೆ ಉರಿಯಿತು.

ಅದೇ ಪುಸ್ತಕದ ಮೊದಲ ಅಧ್ಯಾಯದ ಕಥೆ ಇನ್ನೂ ಚೆನ್ನಾಗಿದೆ. ಜಗತ್ತಿನ ಮೊದಲ ನಾಟಕ ಆಡಿದ್ದು ಇಂದ್ರಧ್ವಜದ ಉತ್ಸವದಲ್ಲಂತೆ. ವಸ್ತು: ದೇವತೆಗಳು ಅಸುರರನ್ನು ಸೋಲಿಸಿದ್ದು. ಆದರೆ ನೋಡಲು ಅಸುರರೂ ಬಂದಿದ್ದರು! ಅವರಿಗೆ ಸಿಟ್ಟು ಬಂದು ನಟರ ಮಾತು, ಚಲನೆ, ನೆನಪು ಎಲ್ಲ ಸ್ತಂಭಿಸಿಬಿಟ್ಟರು. ಆಮೇಲೆ ಬ್ರಹ್ಮ ವಿಶ್ವಕರ್ಮನಿಗೆ ಹೇಳಿ ನಾಟಕಶಾಲೆ ಕಟ್ಟಿಸಿದ. ಅಷ್ಟಕ್ಕೇ ನಿಲ್ಲಲಿಲ್ಲ, ಸಿಟ್ಟಾದವರನ್ನು ಕೂರಿಸಿಕೊಂಡು ಮಾತಾಡಿದ: ನಾಟ್ಯ ನಿಮ್ಮದೊಂದೇ ಅಲ್ಲ, ದೇವತೆಗಳದೊಂದೇ ಅಲ್ಲ, ಮೂರು ಲೋಕದ್ದು. ನಮ್ಮ ಹಾಸ್ಟೆಲ್ ಸ್ಕಿಟ್‌ಗಳಲ್ಲಿ ಒಂದೂರಿನವರ ಮಾತಿನ ಧಾಟಿ, ಒಬ್ಬರ ಮೈಬಣ್ಣ, ಹುಡುಗಿ ವೇಷದ ಹುಡುಗ ಅಂತ ನಗಿಸುತ್ತೇವಲ್ಲ, ಆಗ ಯಾರ ಬಗ್ಗೆ ನಗುತ್ತಿದ್ದೇವೋ ಅವರೂ ಮೂರನೇ ಸಾಲಿನಲ್ಲಿ ಕೂತಿರುತ್ತಾರೆ. ಇದನ್ನು ಮೊದಲೇ ನೋಡಿ ಹೇಳುವವರು ಬೇಕು. ಅದೂ ಓದುಗರ ಕೆಲಸವೇ.

ಇಷ್ಟೆಲ್ಲ ಉತ್ಸಾಹದಿಂದ ಹೇಳಿದಾಗ ನಮ್ಮ ಗೆಳೆಯ ಮತ್ತೆ ತಣ್ಣೀರು ಎರಚಿದ: "ಅವ್ರು ಪ್ರೊಫೆಸರ್ ಇದ್ರು ಬಿಡ್ರಿ. ಪ್ರೊಫೆಸರ್ ಅಲ್ಲದವ್ರೂ ಮಾಡ್ಯಾರ. ನಮ್ಮ ಹಲಸಂಗಿ ಬಗ್ಗೆ ಕೇಳೀರೇನು?"

ಕೇಳಿದ್ವಿ, ಪಿಯುಸಿ ಪಠ್ಯದಲ್ಲಿ ಹೆಸರು ಮಾತ್ರ. ಹಲಸಂಗಿಯೂ ಆಗಿನ ಇಂಡಿ ತಾಲೂಕಿನದೇ. ಶ್ರೀರಂಗರಿಗಿಂತ ಒಂದೇ ವರ್ಷ ಮೊದಲು, 1903ರಲ್ಲಿ ಹುಟ್ಟಿದ ಮಧುರಚೆನ್ನರು, ಅವರ ಜೊತೆ ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ. ಇವರೇ ಹಲಸಂಗಿ ಗೆಳೆಯರು. ಒಬ್ಬರು ಲಂಡನ್ನಿಗೆ ಹೋದ ಅದೇ ಸೀಮೆಯಲ್ಲಿ, ಅದೇ ವಯಸ್ಸಿನವರು ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಹಾಡಿಗೆ ಕಿವಿಗೊಟ್ಟರು. 1931ರಲ್ಲಿ 'ಗರತಿಯ ಹಾಡು' ಬಂತು, ಆಮೇಲೆ ಲಾವಣಿಗಳ 'ಜೀವನ ಸಂಗೀತ', 'ಮಲ್ಲಿಗೆ ದಂಡೆ'. ಲಾವಣಿ ಅಂದರೆ ಓದುವ ಪದ್ಯವಲ್ಲ, ಮಂದಿ ಮುಂದೆ ನಿಂತು ಹಾಡಿ ಗೆಲ್ಲಬೇಕಾದ ಪದ. ಅದನ್ನು ಹಾಳೆಗೆ ಇಳಿಸುವಾಗ ಏನು ಉಳಿಯಬೇಕು, ಯಾವ ಪಾಠ ಸರಿ, ಯಾವ ಮಾತು ಆಡುವವರ ಬಾಯಲ್ಲಿ ಹೇಗಿತ್ತೋ ಹಾಗೇ ಇರಬೇಕು ಅನ್ನುವ ತೀರ್ಮಾನ ಒಂದೊಂದು ಸಾಲಿಗೂ ಮಾಡಬೇಕಾಗುತ್ತದೆ. ನಾವು ಒಂದೂವರೆ ಗಂಟೆಯಲ್ಲಿ ಒಂದು ನಾಟಕವನ್ನೇ ಕತ್ತರಿಸಿದವರು. ಅವರು ವರ್ಷಗಟ್ಟಲೆ ಕೂತು ಕೇಳಿದವರು. ಅವರಾರೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿರಲಿಲ್ಲ.

ಈ ಎರಡು ದಾರಿ, ಕಾಲೇಜಿನ ಓದು ಮತ್ತು ಊರಿನ ಆಟ, ಒಂದೇ ವೃತ್ತಿಜೀವನದಲ್ಲಿ ಕೂಡಿದ್ದನ್ನು ನೋಡಬೇಕಾದರೆ ಪಕ್ಕದ ಬೆಳಗಾವಿ ಜಿಲ್ಲೆಗೆ ಹೋಗಬೇಕು. 1937ರಲ್ಲಿ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾದರು, ರಾಷ್ಟ್ರೀಯ ನಾಟಕ ಶಾಲೆಗೆ ಅಧ್ಯಕ್ಷರಾದರು. ಬಯಲಾಟವನ್ನು ಸಂಶೋಧನೆಗೆ ಓದಿದ ಮನುಷ್ಯನೇ 1972ರಲ್ಲಿ 'ಜೋಕುಮಾರಸ್ವಾಮಿ' ಕೊಟ್ಟರು. ಅದರಲ್ಲಿ ಊರಿನ ಜೋಕುಮಾರನ ಹುಣ್ಣಿಮೆಯ ಆಚರಣೆಯೂ ಇದೆ, ಉಳುವವನಿಗೆ ಭೂಮಿ ಯಾರದು ಅನ್ನುವ ಆ ಕಾಲದ ಉರಿಯುವ ಪ್ರಶ್ನೆಯೂ ಇದೆ. ಹಳೆಯ ಆಟದ ರಚನೆ ಗೊತ್ತಿಲ್ಲದವರು ಹೊಸ ಪ್ರಶ್ನೆಯನ್ನು ಅದರೊಳಗೆ ಕೂರಿಸಲು ಹೋದರೆ ಎರಡೂ ಮುರಿಯುತ್ತವೆ. ಇಲ್ಲಿ ಮುರಿಯಲಿಲ್ಲ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ಇದೆಲ್ಲ ಸರಿ, ಸ್ಕೋಪ್ ಏನಿದೆ?

ಸುಳ್ಳು ಹೇಳುವುದಿಲ್ಲ, ಕಡಿಮೆ ಇದೆ. ಮೇಲಿನ ಇಬ್ಬರನ್ನೇ ನೋಡಿ. ಒಬ್ಬರು ಸಂಬಳ ಪಡೆದದ್ದು ಸಂಸ್ಕೃತಕ್ಕೆ, ಇನ್ನೊಬ್ಬರು ಕನ್ನಡಕ್ಕೆ. ಕನ್ನಡ ರಂಗಭೂಮಿಯ ದೊಡ್ಡ ತಲೆಗಳು ಬೇರೆ ವಿಷಯದ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ನಾಟಕದ ಕೆಲಸ ಮಾಡಿದವು. ಅದನ್ನು ನಾವು ತ್ಯಾಗ ಅಂತ ಹೊಗಳಿ ಸುಮ್ಮನಾಗುತ್ತೇವೆ. ಹೊಗಳುವ ಬದಲು ಕೇಳಬೇಕಾದದ್ದು: ಆ ಕೆಲಸಕ್ಕೇ ಒಂದು ಹುದ್ದೆ ಇದ್ದಿದ್ದರೆ ಇನ್ನೆಷ್ಟು ಜನ ಬರುತ್ತಿದ್ದರು? ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುಮಾಡಿತು, ಮೈಸೂರಿನಲ್ಲಿ ಬಿ.ವಿ. ಕಾರಂತರ ರಂಗಾಯಣ 1989ರಲ್ಲಿ ಬಂತು. ಅಲ್ಲಿಂದ ಹೊರಟವರು ಇವತ್ತು ರಾಜ್ಯದ ಮೂಲೆಮೂಲೆಯಲ್ಲಿ ಮಕ್ಕಳಿಗೆ, ಹಳ್ಳಿ ತಂಡಗಳಿಗೆ ನಾಟಕ ಕಲಿಸುತ್ತಿದ್ದಾರೆ. ಒಂದು ಸಂಸ್ಥೆ ಇದ್ದರೆ ಎಷ್ಟು ದೂರ ಹರಡುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಂತ ಎಲ್ಲರೂ ಇಂಜಿನಿಯರಿಂಗ್ ಬಿಟ್ಟು ಹೆಗ್ಗೋಡಿಗೆ ಬಸ್ ಹತ್ತಿ ಅನ್ನುತ್ತಿಲ್ಲ. ಹತ್ತುವವರಿದ್ದರೆ ಹತ್ತಲಿ, ಮನೆಯಲ್ಲಿ ಹೇಳಿ ಹತ್ತಲಿ. ಗಿರೀಶ ಕಾರ್ನಾಡರು ಅದೇ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಡಿಗ್ರಿಗೆ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಲೆಕ್ಕ ಓದಿದವರಿಗೆ ನಾಟಕ ಹತ್ತುವುದಿಲ್ಲ ಅನ್ನುವವರಿಗೆ ಈ ಒಂದು ಮಾತು ಸಾಕು. ನಾವು ಹೇಳುವುದು ಇಷ್ಟೇ: ಹುದ್ದೆ ಇಲ್ಲದಿದ್ದರೂ ಕೆಲಸ ಇದೆ, ಆ ಕೆಲಸ ನಮ್ಮ ಸಂಘದಲ್ಲಿ ನಾಳೆಯಿಂದಲೇ ಶುರುವಾಗಬಹುದು. ಅದಕ್ಕೆ ಎಚ್‌ಓಡಿ ಸಹಿ ಬೇಡ, ಸ್ಪಾನ್ಸರ್ ಬೇಡ.

ಒಂದು ಆಕ್ಷೇಪ ಈಗಾಗಲೇ ಬಂದಿದೆ. ಓದುವುದು ನಿರ್ದೇಶಕರ ಕೆಲಸ ಅಲ್ವಾ, ಇನ್ನೊಬ್ಬರು ಯಾಕೆ? ಓದಲೇಬೇಕು, ಆದರೆ ನಮ್ಮ ನಿರ್ದೇಶಕರ ಪಾಡು ನಿಮಗೆ ಗೊತ್ತು. ಒಬ್ಬ ನಟನಿಗೆ ಬ್ಯಾಕ್‌ಲಾಗ್ ಪರೀಕ್ಷೆ, ಇನ್ನೊಬ್ಬಳಿಗೆ ಹಾಸ್ಟೆಲ್ ಗೇಟ್ ಟೈಮ್, ಹಾಲ್ ಬುಕಿಂಗ್ ರದ್ದು. ನಾಟಕದ ಹಿಂದಿನ ವಾರ ಅವರು ನಾಟಕ ಬಿಟ್ಟು ಉಳಿದೆಲ್ಲ ಯೋಚನೆ ಮಾಡುತ್ತಿರುತ್ತಾರೆ. ಆಗ ಪಕ್ಕದಲ್ಲಿ ಒಬ್ಬರು ನಾಟಕವನ್ನಷ್ಟೇ ನೆನಪಿಟ್ಟುಕೊಂಡಿರಬೇಕು. ಕೋಡ್ ಬರೆದವರೇ ಟೆಸ್ಟ್ ಮಾಡಿದರೆ ಏನಾಗುತ್ತದೆ ಅಂತ ಪ್ರಾಜೆಕ್ಟ್ ವೈವಾದಲ್ಲಿ ಎಲ್ಲರೂ ಅನುಭವಿಸಿದ್ದೇವೆ.

ಹಾಗಾಗಿ ಸಂಘದ ಮುಂದೆ ನಮ್ಮ ಬೇಡಿಕೆ ಇದು. ಇನ್ನು ಮುಂದೆ ಪ್ರತಿ ನಾಟಕಕ್ಕೂ ಒಬ್ಬರು ಓದುಗರಿರಲಿ, ಅವರಿಗೆ ಪಾತ್ರ ಬೇಡ. ಮೊದಲ ವಾರ ಯಾರೂ ಎದ್ದು ನಿಲ್ಲದೆ, ಎಲ್ಲರೂ ಸುತ್ತ ಕೂತು ಪೂರ್ತಿ ನಾಟಕ ಗಟ್ಟಿಯಾಗಿ ಓದಲಿ. ಒಂದು ದೃಶ್ಯ ತೆಗೆಯುವ ಮೊದಲು, ಅದರಿಂದ ಮುಂದೆ ಯಾವುದು ಬೀಳುತ್ತದೆ ಅಂತ ಓದುಗರು ಒಂದು ಪುಟ ಬರೆದು ಕೊಡಲಿ. ಈ ನಾಟಕ ನಮ್ಮ ಕ್ಯಾಂಪಸ್ಸಿಗೆ ಈ ವರ್ಷ ಯಾಕೆ ಅನ್ನುವುದಕ್ಕೆ ತಂಡದ ಹತ್ತಿರ ಒಂದು ಉತ್ತರ ಇರಲಿ. "ಪಿಡಿಎಫ್ ಸಿಕ್ಕಿತು" ಅನ್ನುವುದು ಉತ್ತರವಲ್ಲ. ರಜೆಗೆ ಊರಿಗೆ ಹೋದವರು ತಮ್ಮೂರಿನ ಸಣ್ಣಾಟ, ದೊಡ್ಡಾಟ, ಪಾರಿಜಾತ, ಯಕ್ಷಗಾನ ಏನಿದೆಯೋ ಒಂದು ರಾತ್ರಿ ಪೂರ್ತಿ ಕೂತು ನೋಡಿ, ಆಡುವವರ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿ ಹಿಡಿದು ತರಲಿ. ಹಲಸಂಗಿ ಗೆಳೆಯರ ಹತ್ತಿರ ಫೋನ್ ಇರಲಿಲ್ಲ. ನಮ್ಮ ಹತ್ತಿರ ಇದೆ, ಕಿವಿ ಮಾತ್ರ ರೀಲ್ಸಿಗೆ ಕೊಟ್ಟಿದ್ದೇವೆ. ಹಾಗೆಯೇ ಕಾಲೇಜಿನ ಮುಂದೆಯೂ ಒಂದು ಬೇಡಿಕೆ: ವರ್ಷಕ್ಕೊಮ್ಮೆ ಮೋಟಿವೇಷನಲ್ ಸ್ಪೀಕರ್‌ಗೆ ಕೊಡುವ ಸಂಭಾವನೆಯಲ್ಲಿ ಒಬ್ಬ ರಂಗಶಿಕ್ಷಕರನ್ನು ಒಂದು ವಾರ ಕರೆಸಿ. ಅವರಿಗೂ ಅದು ಕೆಲಸ, ನಮಗೂ ಅದು ಪಾಠ.

ನಗು ಬಂದ ಆ ಸಂಜೆಯನ್ನು ನಾವು ಮರೆತಿಲ್ಲ. ಸಾಯುವ ಪಾತ್ರ ಮಾಡಿದ ನಮ್ಮ ಗೆಳೆಯ ಆಮೇಲೆ ಎರಡು ತಿಂಗಳು ರಿಹರ್ಸಲ್ ರೂಮಿನ ಕಡೆ ಬರಲಿಲ್ಲ. ತಪ್ಪು ಅವನದಾಗಿರಲಿಲ್ಲ. ಓದದೇ ಕತ್ತರಿ ಹಿಡಿದ ನಮ್ಮದು. ಅವನಿಗೆ ಆ ದಿನ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಹೇಳುತ್ತಿದ್ದೇವೆ: ನೀನು ಚೆನ್ನಾಗಿ ಮಾಡಿದ್ದೆ ಕಣೋ, ವಾಪಸ್ ಬಾ.

ಈ ವರ್ಷದ ಓದುಗ ಯಾರು ಅಂತ ಊಹಿಸಿರುತ್ತೀರಿ. ಇಂಡಿ ಕಡೆಯ ಅದೇ ಹುಡುಗ. ಕೇಳಿದಾಗ "ಪಾತ್ರ ಕೊಡಲ್ಲ ಅಂದ್ರ ಬ್ಯಾಡ್ರಿ ಅಣ್ಣಾ" ಅಂದ. ಮರುದಿನ ಲೈಬ್ರರಿಯಿಂದ ಮೂರು ನಾಟಕ ತಂದು ಟೇಬಲ್ ಮೇಲಿಟ್ಟ.

ಮೊದಲ ಓದು ಬರುವ ಶನಿವಾರ ಸಂಜೆ 5 ಗಂಟೆಗೆ, ಸಂಘದ ಕೋಣೆಯಲ್ಲಿ. ಪಾತ್ರ ಕೇಳಲು ಆಮೇಲೆ ಬನ್ನಿ. ಈ ಸಲ ಓದಲು ಬನ್ನಿ, ಚಹಾ ನಮ್ಮದು.